ಹೊಟ್ಟೆಯ ನೆಪ, ಕೆಳಗಿನ ಗಂಟು

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದ ನಿವೃತ್ತ ಮೇಷ್ಟ್ರು, ಕೋಸಂಬರಿ ಬಡಿಸಿದವನು ಮುಂದೆ ಹೋದ ಮೇಲೆ ನನ್ನ ಕಡೆ ವಾಲಿ ಕೇಳಿದರು: “ಡಾಕ್ಟ್ರೇ, ಕರುಳಿನ ಬ್ಯಾಕ್ಟೀರಿಯಾ ಹದಗೆಟ್ಟರೆ ವೃಷಣದ ಕ್ಯಾನ್ಸರ್ ಬರುತ್ತಂತೆ, ನಿಜವಾ?” ‘ಕರುಳಿನ ಬ್ಯಾಕ್ಟೀರಿಯಾ’ ಎನ್ನುವಾಗ ಅವರ ದನಿ ಕೊನೆಯ ಬೆಂಚಿನ ಹುಡುಗನಿಗೂ ಮುಟ್ಟುವಂತಿತ್ತು. ‘ವೃಷಣ’ ಎನ್ನುವಾಗ ತುಟಿ ಮಾತ್ರ ಅಲ್ಲಾಡಿತು, ಸದ್ದು ಬರಲಿಲ್ಲ. ಮೊಮ್ಮಗ ಕಳಿಸಿದ ವಾಟ್ಸಾಪ್ ಸಂದೇಶವಂತೆ. ಅದೇ ಸಂದೇಶ ನನಗೂ ಬಂದಿತ್ತು, ಅದರ ಬಗ್ಗೆ ಬರೆಯಿರಿ ಎಂದು ಈ ಅಂಕಣದ ಮೂವರು ಓದುಗರೂ ಕೇಳಿದ್ದರು. ಅಷ್ಟರಲ್ಲಿ ಪಾಯಸ ಬಂತು, ಮಾತು ನಿಂತಿತು. ಇವತ್ತು ಮುಂದುವರಿಸುತ್ತೇನೆ.

ಮೇಷ್ಟ್ರ ದನಿ ಏರಿ ಇಳಿದದ್ದರಲ್ಲೇ ವಿಷಯದ ಅರ್ಧ ಪಾಲು ಇದೆ ಎಂದು ನನಗೆ ಅನ್ನಿಸಿತು. ನಮ್ಮಲ್ಲಿ ಹೊಟ್ಟೆಗೆ ಇರುವ ಮರ್ಯಾದೆ ಬೇರೆ ಯಾವ ಅಂಗಕ್ಕೂ ಇಲ್ಲ. ಹೊಟ್ಟೆಪಾಡು ಅನ್ನುತ್ತೇವೆ, ಹೊಟ್ಟೆಕಿಚ್ಚು ಅನ್ನುತ್ತೇವೆ, ತಪ್ಪು ಮಾಡಿದವನು ‘ಹೊಟ್ಟೆಗೆ ಹಾಕ್ಕೊಳ್ಳಿ’ ಅನ್ನುತ್ತಾನೆ. ಹೆಣ್ಣುಮಕ್ಕಳ ಮುಟ್ಟಿನ ನೋವೂ ಹೊಟ್ಟೆನೋವೇ, ಪರೀಕ್ಷೆಗೆ ಹೆದರಿದ ಹುಡುಗನದೂ ಹೊಟ್ಟೆನೋವೇ. ಗ್ಯಾಸು, ಅಜೀರ್ಣ, ಮಲಬದ್ಧತೆಗಳ ಬಗ್ಗೆ ಬಸ್ಸಿನಲ್ಲಿ ಅಪರಿಚಿತರ ಜೊತೆಗೂ ಒಂದು ಗಂಟೆ ಮಾತಾಡಬಹುದು. ಸೊಂಟದ ದಾರಕ್ಕಿಂತ ಕೆಳಗೆ ಇಳಿದರೆ ಮಾತು ನಿಲ್ಲುತ್ತದೆ. ತಮಾಷೆ ಏನೆಂದರೆ, ಹೋರಿಯ ಬೀಜ ಹೊಡೆಸುವ ವಿಚಾರವನ್ನು ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತಾ ಹೆಂಗಸರು ಮಕ್ಕಳ ಎದುರಿಗೇ ಮಾತಾಡುವ ಗಂಡಸರು ಇವರೇ. ತಮ್ಮ ಬೀಜದ ಮಾತು ಬಂದರೆ ‘ಕೆಳಗೆ’ ಅನ್ನುತ್ತಾರೆ, ಹೆಚ್ಚೆಂದರೆ ‘ಆ ಜಾಗ’.

ಸುಮಾರು ಒಂಬತ್ತು ವರ್ಷದ ಹಿಂದೆ ಇಪ್ಪತ್ತಾರರ ಒಬ್ಬ ಹುಡುಗ ತಾಯಿಯ ಜೊತೆ ನನ್ನ ಕ್ಲಿನಿಕ್ಕಿಗೆ ಬಂದ. ಪೀಣ್ಯದಲ್ಲಿ ಲೇತ್ ಮಷಿನ್ ಮೇಲೆ ಕೆಲಸ, ಹಬ್ಬಕ್ಕೆ ಊರಿಗೆ ಬಂದಿದ್ದ. “ಹೊಟ್ಟೆ ಸರಿ ಇಲ್ಲ ಡಾಕ್ಟ್ರೇ, ಹೋಟೆಲ್ ಊಟ” ಎಂದು ತಾಯಿಯೇ ಶುರು ಮಾಡಿದರು. ನಾಲ್ಕು ತಿಂಗಳಿಂದ ಹೊಟ್ಟೆ ಭಾರ, ಬೆನ್ನಿನ ಕೆಳಭಾಗದಲ್ಲಿ ಬಿಡದ ನೋವು. ಕವರಿನಲ್ಲಿ ಮೂರು ಬಗೆಯ ಗ್ಯಾಸ್ಟ್ರಿಕ್ ಮಾತ್ರೆ, ಜೊತೆಗೆ ‘ಒಳ್ಳೆಯ ಬ್ಯಾಕ್ಟೀರಿಯಾ’ ಇರುವ ಪುಡಿಯ ಪೊಟ್ಟಣಗಳು. ಯಾರೋ ಕರುಳು ಶುದ್ಧವಾಗಬೇಕು ಎಂದು ಹೇಳಿ ಬರೆದುಕೊಟ್ಟಿದ್ದರು. ಹೊಟ್ಟೆ ಒತ್ತಿ ನೋಡಿದೆ. ಹೊಕ್ಕುಳ ಹಿಂದೆ, ಆಳದಲ್ಲಿ, ಬೆರಳಿಗೆ ಗಟ್ಟಿಯಾಗಿ ಏನೋ ತಾಕಿತು. ಗ್ಯಾಸು ಹಾಗೆ ತಾಕುವುದಿಲ್ಲ.

ತಾಯಿಯನ್ನು ಹೊರಗೆ ಕೂರಲು ಹೇಳಿ ಬಾಗಿಲು ಹಾಕಿದೆ. “ಏನಪ್ಪಾ, ಕೆಳಗೆ ಏನಾದರೂ ಗಂಟು, ಊತ ಇದೆಯಾ?” ಹುಡುಗ ಗೋಡೆಯ ಕ್ಯಾಲೆಂಡರ್ ನೋಡಿದ. ಆಮೇಲೆ ಹೇಳಿದ: “ಬಲಗಡೆದು ಸ್ವಲ್ಪ ದಪ್ಪ ಆಗಿದೆ ಸಾರ್. ನೋವೇನಿಲ್ಲ. ಒಂದು ವರ್ಷ ಆಗಿರಬೇಕು.” ನೋಡಿದೆ. ಎಡಗಡೆಯದು ಎಲ್ಲರದರ ಹಾಗೆ ಮೆತ್ತಗೆ, ಬಲಗಡೆಯದು ಕಲ್ಲಿನಂತೆ ಬಿರುಸು, ಎತ್ತಿದರೆ ಭಾರ. ಬೆನ್ನುನೋವಿನ ಕಾರಣ ಅಲ್ಲಿತ್ತು. ಭ್ರೂಣದಲ್ಲಿ ವೃಷಣಗಳು ಹುಟ್ಟುವುದು ಮೂತ್ರಪಿಂಡಗಳ ಪಕ್ಕದಲ್ಲಿ. ಅಲ್ಲಿಂದ ಕೆಳಗೆ ಇಳಿಯುವಾಗ ತಮ್ಮ ರಕ್ತನಾಳವನ್ನೂ ದುಗ್ಧನಾಳವನ್ನೂ ಮೇಲಿನಿಂದಲೇ ಎಳೆದುಕೊಂಡು ಬರುತ್ತವೆ. ಹಾಗಾಗಿ ಅಲ್ಲಿನ ಕ್ಯಾನ್ಸರ್ ಹರಡಿದಾಗ ಮೊದಲು ಹೋಗಿ ಕೂರುವುದು ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳಲ್ಲಿ, ಬೆನ್ನುಮೂಳೆಯ ಮುಂದೆ. ‘ಹೊಟ್ಟೆ ಸರಿ ಇಲ್ಲ’ ಎಂದು ತಾಯಿ ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದು ವರ್ಷ ತಡವಾಗಿತ್ತು, ಅಷ್ಟೆ.

ಆ ಹುಡುಗನ ಕಥೆಗೆ ಮತ್ತೆ ಬರುತ್ತೇನೆ. ಮೊದಲು ಮೊಮ್ಮಗನ ವಾಟ್ಸಾಪ್ ಸಂದೇಶ.

ಅದರ ಬೇರು ಇರುವುದು ಕಂಪ್ಯೂಟರ್ ಮುಂದೆ ಕೂತು ಮಾಡುವ ಒಂದು ಬಗೆಯ ಅಧ್ಯಯನದಲ್ಲಿ. 2021ರಲ್ಲಿ 24 ಗುಂಪುಗಳ 18,340 ಜನರ ವಂಶವಾಹಿಗಳನ್ನೂ ಅವರ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಹೋಲಿಸಿದ ದೊಡ್ಡ ದಾಖಲೆಯೊಂದು ಪ್ರಕಟವಾಯಿತು. ಯಾವ ವಂಶವಾಹಿ ಇದ್ದವರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಹೆಚ್ಚು ಎಂದು ಅದು ಹೇಳುತ್ತದೆ. ಅದನ್ನು ಇಟ್ಟುಕೊಂಡು, ಯಾವುದಾದರೂ ಕಾಯಿಲೆಯ ವಂಶವಾಹಿ ದಾಖಲೆಯ ಪಕ್ಕದಲ್ಲಿ ಹರಡಿ, ಎರಡೂ ಎಲ್ಲಿ ಹೊಂದುತ್ತವೆ ಎಂದು ಹುಡುಕಬಹುದು. ವಿಧಾನ ಜಾಣತನದ್ದೇ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ತೊಡಕು ಇರುವುದು ಎಣಿಕೆಯಲ್ಲಿ. ಆ ದಾಖಲೆಯಲ್ಲಿ ಬ್ಯಾಕ್ಟೀರಿಯಾಗಳ ಗುಂಪು, ಕುಲ, ಜಾತಿ ಎಂದು ಸುಮಾರು 200 ಹೆಸರುಗಳಿವೆ. ಬರಿ ಅದೃಷ್ಟದಿಂದ ಹೀಗಾಗುವ ಸಂಭವ 20ರಲ್ಲಿ 1ಕ್ಕಿಂತ ಕಡಿಮೆ ಇದ್ದರೆ ‘ಸಂಬಂಧ ಇದೆ’ ಎಂದು ಬರೆಯುವುದು ವಾಡಿಕೆ. ಈಗ ಜಾತ್ರೆಯಲ್ಲಿ 200 ಜನರನ್ನು ನಿಲ್ಲಿಸಿ, ಪ್ರತಿಯೊಬ್ಬರ ಮುಂದೂ 20 ಚೀಟಿಗಳ ಡಬ್ಬಿ ಇಡಿ. ಒಂದೊಂದು ಡಬ್ಬಿಯಲ್ಲೂ ಒಂದೇ ಚೀಟಿಗೆ ಕುಂಕುಮದ ಬೊಟ್ಟು. ತಲಾ ಒಂದು ಚೀಟಿ ಎತ್ತಿದರೆ ಸರಾಸರಿ ಹತ್ತು ಜನರಿಗೆ ಬೊಟ್ಟಿನ ಚೀಟಿ ಸಿಗುತ್ತದೆ. ಆ ಹತ್ತು ಜನರ ಮೇಲೆ ದೇವರ ಕೃಪೆ ಹೆಚ್ಚು ಎಂದು ಪತ್ರಿಕೆಯಲ್ಲಿ ಬರೆದರೆ ಹೇಗೆ? ಇದನ್ನು ಸರಿಪಡಿಸುವ ಗಣಿತ ಇದೆ, ಒಳ್ಳೆಯ ಸಂಶೋಧಕರು ಅದನ್ನು ಬಳಸುತ್ತಾರೆ. ಆದರೆ ಬೊಟ್ಟಿನ ಚೀಟಿಯೇ ಸುದ್ದಿಯಾಗುವುದು. ವೃಷಣದ ಕ್ಯಾನ್ಸರ್ ಅಪರೂಪದ್ದು ಬೇರೆ. ದಾಖಲೆಗಳಲ್ಲಿ ರೋಗಿಗಳ ಸಂಖ್ಯೆ ಕಡಿಮೆ ಇದ್ದಷ್ಟೂ ಇಂಥ ಲೆಕ್ಕ ಅಲುಗಾಡುತ್ತದೆ.

ಈ ಕ್ಷೇತ್ರದಲ್ಲಿ ದೊಡ್ಡವರೂ ಎಡವಿದ್ದಾರೆ. 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ, 33 ಬಗೆಯ ಕ್ಯಾನ್ಸರ್‌ಗಳಲ್ಲಿ ಒಂದೊಂದಕ್ಕೂ ಅದರದೇ ಸೂಕ್ಷ್ಮಜೀವಿಗಳ ಗುರುತು ಇದೆ, ರಕ್ತದಲ್ಲೇ ಅದನ್ನು ಪತ್ತೆ ಮಾಡಬಹುದು ಎಂದು ಸಾರಿತು. ಅದನ್ನು ನೆಚ್ಚಿ ಹತ್ತಾರು ಲೇಖನಗಳು ಬಂದವು. ಮೂರು ವರ್ಷದ ಮೇಲೆ ಬೇರೆಯವರು ಅದೇ ಅಂಕಿಗಳನ್ನು ಕೆದಕಿ ನೋಡಿದಾಗ, ಬ್ಯಾಕ್ಟೀರಿಯಾದ್ದು ಎಂದು ಎಣಿಸಿದ್ದ ಡಿಎನ್‌ಎ ತುಣುಕುಗಳಲ್ಲಿ ಬಹುಪಾಲು ಮನುಷ್ಯರದೇ ಎಂದು ಗೊತ್ತಾಯಿತು. 2024ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು.

ಹಾಗೆಂದು ಕರುಳಿಗೂ ವೃಷಣಕ್ಕೂ ಮಾತುಕತೆಯೇ ಇಲ್ಲ ಎಂದಲ್ಲ. ವೃಷಣಕ್ಕೆ ಒಂದು ವಿಚಿತ್ರ ತೊಂದರೆ ಇದೆ. ಮೈಯ ಕಾವಲುಪಡೆ, ಅಂದರೆ ರೋಗನಿರೋಧಕ ವ್ಯವಸ್ಥೆ, ಯಾವುದು ನಮ್ಮದು ಯಾವುದು ಹೊರಗಿನದು ಎಂದು ಕಲಿಯುವುದು ಎಳೆತನದಲ್ಲಿ. ವೀರ್ಯಾಣುಗಳು ಹುಟ್ಟುವುದು ಮೀಸೆ ಮೂಡುವ ಹೊತ್ತಿಗೆ. ಪಾಠ ಮುಗಿದ ಮೇಲೆ ಬಂದ ಹೊಸ ಹುಡುಗನನ್ನು ಕಾವಲುಗಾರ ಕಳ್ಳ ಎಂದೇ ಹಿಡಿಯುತ್ತಾನೆ. ಅದಕ್ಕೇ ವೃಷಣದೊಳಗೆ ರಕ್ತಕ್ಕೂ ಬೆಳೆಯುವ ವೀರ್ಯಾಣುಗಳಿಗೂ ನಡುವೆ ಜೀವಕೋಶಗಳದೇ ಒಂದು ಬಿಗಿ ಬೇಲಿ ಇರುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ತಂಡವೊಂದು, ಹುಟ್ಟಿದಾಗಿನಿಂದ ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ಕಾಣದಂತೆ ಸಾಕಿದ ಇಲಿಗಳಲ್ಲಿ ಆ ಬೇಲಿಯನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿತು. ಬೇಲಿ ಸಡಿಲವಾಗಿತ್ತು, ವೃಷಣದೊಳಗಿನ ಟೆಸ್ಟೋಸ್ಟೆರಾನ್ ಕಡಿಮೆ ಇತ್ತು. ಅದೇ ಇಲಿಗಳಿಗೆ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುವ ಒಂದೇ ಒಂದು ಜಾತಿಯ ಬ್ಯಾಕ್ಟೀರಿಯಾ ಕೊಟ್ಟಾಗ ಬೇಲಿ ಬಿಗಿಯಾಯಿತು. ರಾಗಿ, ಕಾಳು, ಸೊಪ್ಪಿನ ನಾರು ನಮ್ಮ ಕರುಳಿನಲ್ಲಿ ಕೊಳೆತು ಹುಟ್ಟುವುದೂ ಇದೇ ಬ್ಯುಟಿರೇಟ್. ಓದಿದಾಗ ನನಗೆ ಖುಷಿಯಾಗಿತ್ತು. ಆದರೆ ಸಡಿಲ ಬೇಲಿಯಿಂದ ಕ್ಯಾನ್ಸರಿಗೆ ಹೋಗುವ ದಾರಿಯನ್ನು ಆ ಇಲಿಗಳಲ್ಲಿ ಯಾರೂ ಕಂಡಿಲ್ಲ.

ಆ ದಾರಿ ಸುಲಭವಲ್ಲ ಎನ್ನುವುದಕ್ಕೆ ಗಟ್ಟಿ ಕಾರಣವೂ ಇದೆ. 1972ರಲ್ಲಿ ಕೋಪನ್‌ಹೇಗನ್ನಿನ ನೀಲ್ಸ್ ಸ್ಕಾಕೆಬೆಕ್ ಎಂಬ ವೈದ್ಯರು, ಮಕ್ಕಳಾಗಲಿಲ್ಲವೆಂದು ತಪಾಸಣೆಗೆ ಬಂದಿದ್ದ ಇಬ್ಬರು ಗಂಡಸರ ವೃಷಣದ ಚೂರಿನಲ್ಲಿ ವಿಚಿತ್ರ ಕೋಶಗಳನ್ನು ಕಂಡರು. ಕೆಲ ವರ್ಷಗಳಲ್ಲಿ ಆ ಇಬ್ಬರಿಗೂ ಕ್ಯಾನ್ಸರ್ ಬಂತು. ಆ ಕೋಶಗಳನ್ನು ಹಿಡಿದು ಹಿಂದಕ್ಕೆ ಹೋದಾಗ ಸಿಕ್ಕಿದ್ದು ತಾಯಿಯ ಗರ್ಭ. ಭ್ರೂಣದಲ್ಲಿ ವೀರ್ಯಾಣುಗಳ ಪೂರ್ವಜರಾದ ಕೋಶಗಳು ಬಲಿಯಬೇಕಾದ ಹೊತ್ತಿಗೆ ಬಲಿಯದೆ ಹಾಗೇ ಉಳಿದು, ಬಾಲ್ಯವೆಲ್ಲ ಸುಮ್ಮನೆ ಮಲಗಿದ್ದು, ಹರೆಯದ ಹಾರ್ಮೋನು ಹರಿದಾಗ ಎದ್ದು ಬೆಳೆಯುತ್ತವೆ. ಹದಿನೈದರಿಂದ ನಲವತ್ತರೊಳಗಿನ ಗಂಡಸರಲ್ಲಿ ಈ ಕ್ಯಾನ್ಸರ್ ಹೆಚ್ಚು ಕಾಣುವುದು ಅದಕ್ಕೇ. ಬೀಜ ಬಿದ್ದಾಗ ಮಗುವಿಗಿನ್ನೂ ಹಾಲಿನ ರುಚಿಯೇ ಗೊತ್ತಿರುವುದಿಲ್ಲ, ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಊರು ಕಟ್ಟಿರುವುದಿಲ್ಲ. ಆಮೇಲೆ, ಮಲಗಿದ್ದು ಏಳುವ ಹೊತ್ತಿಗೆ, ಕರುಳಿನದೂ ಒಂದು ಕೈ ಇದ್ದೀತೇ ಎಂದು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಸಂದೇಶದಲ್ಲಿದ್ದದ್ದು ಪ್ರಶ್ನೆಯಲ್ಲ, ತೀರ್ಪು.

ಪರಿಸರದ ಪಾಲು ದೊಡ್ಡದು ಎನ್ನುವುದರಲ್ಲಿ ಅನುಮಾನವಿಲ್ಲ. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಹತ್ತರ ಆಸುಪಾಸು ಜನರಿಗೆ ಈ ಕಾಯಿಲೆ ಬರುತ್ತದೆ. ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗಿಂತ ಕಡಿಮೆ. ನಾರ್ವೆಯ ಪಕ್ಕದ ಫಿನ್ಲೆಂಡಿನಲ್ಲೂ ಡೆನ್ಮಾರ್ಕಿಗಿಂತ ಎಷ್ಟೋ ಕಡಿಮೆ. ಇನ್ನೂ ಕುತೂಹಲದ್ದೆಂದರೆ, ಹೊರದೇಶದಿಂದ ಡೆನ್ಮಾರ್ಕಿಗೆ ವಲಸೆ ಹೋದವರಿಗೆ ಅವರ ತಾಯ್ನಾಡಿನ ಪ್ರಮಾಣವೇ ಉಳಿಯುತ್ತದೆ, ಅಲ್ಲಿ ಹುಟ್ಟಿದ ಅವರ ಗಂಡುಮಕ್ಕಳಿಗೆ ಡೇನರ ಪ್ರಮಾಣ ಬರುತ್ತದೆ. ಅಂದರೆ ಲೆಕ್ಕ ಹುಟ್ಟುವ ಊರಿನದು, ಬದುಕುವ ಊರಿನದಲ್ಲ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ನುಗಳಲ್ಲಿ ಹುಟ್ಟಿದ ಗಂಡಸರಿಗೆ ಹಿಂದೆ ಮುಂದೆ ಹುಟ್ಟಿದವರಿಗಿಂತ ಈ ಕ್ಯಾನ್ಸರ್ ಕಡಿಮೆ ಬಂದಿತ್ತು. ಬಸುರಿಯರ ಊಟವೋ ಹೊಗೆಯೋ ಇನ್ನೇನೋ, ವಾದ ಇನ್ನೂ ನಡೆದಿದೆ. ಮಜ್ಜಿಗೆ ಕುಡಿಯುವ ಇಪ್ಪತ್ತೈದರ ಹುಡುಗನಿಗೆ ಈ ಅಂಕಿಗಳಿಂದ ಆಗಬೇಕಾದ್ದು ಏನೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮೇಷ್ಟ್ರಿಗೆ ಒಂದು ಮಾತು ಹೇಳಬೇಕಿತ್ತು. ಕರುಳಿನ ಬ್ಯಾಕ್ಟೀರಿಯಾಕ್ಕೂ ವೃಷಣದ ಕ್ಯಾನ್ಸರಿಗೂ ಸಂಬಂಧ ಖಂಡಿತ ಇದೆ ಮೇಷ್ಟ್ರೇ, ಆದರೆ ನಿಮ್ಮ ಮೊಮ್ಮಗ ಕಳಿಸಿದ್ದಲ್ಲ. ಆ ಸಂಬಂಧ ಶುರುವಾದದ್ದು ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಒಂದು ಗಾಜಿನ ಪಾತ್ರೆಯಲ್ಲಿ.

ಬಾರ್ನೆಟ್ ರೋಸೆನ್‌ಬರ್ಗ್ ವೈದ್ಯರಲ್ಲ, ಭೌತಶಾಸ್ತ್ರದವರು. ಜೀವಕೋಶ ಎರಡಾಗಿ ಒಡೆಯುವಾಗ ಒಳಗೆ ಕಾಣುವ ಎಳೆಗಳ ಚಿತ್ರ ನೋಡಿ ಅವರಿಗೆ ಶಾಲೆಯಲ್ಲಿ ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಉದುರಿಸಿದಾಗ ಮೂಡುವ ಗೆರೆಗಳು ನೆನಪಾದವು. ಹಾಗಾದರೆ ಕೋಶ ಒಡೆಯುವುದರ ಮೇಲೆ ವಿದ್ಯುತ್ತಿನ ಪ್ರಭಾವ ಇರಬಹುದೇ? ನೋಡಿಬಿಡೋಣ ಎಂದು, ಬೆಳೆಸಲು ಸುಲಭ ಎನ್ನುವ ಕಾರಣಕ್ಕೆ ನಮ್ಮೆಲ್ಲರ ಕರುಳಿನಲ್ಲೂ ಇರುವ ಇ. ಕೋಲೈ ಬ್ಯಾಕ್ಟೀರಿಯಾವನ್ನು ಆರಿಸಿಕೊಂಡರು. ಅದನ್ನು ತೇಲಿಬಿಟ್ಟ ದ್ರವದಲ್ಲಿ ಎರಡು ಪ್ಲಾಟಿನಂ ಕಡ್ಡಿಗಳನ್ನು ಇಳಿಸಿ ಕರೆಂಟು ಹರಿಸಿದರು. ಪ್ಲಾಟಿನಂ ಯಾಕೆಂದರೆ ಅದು ಯಾವುದರ ಜೊತೆಗೂ ಬೆರೆಯದ ಸಾಧು ಲೋಹ ಎಂಬ ನಂಬಿಕೆ.

ಕರೆಂಟು ಹರಿಯುತ್ತಿದ್ದ ಹಾಗೆ ಬ್ಯಾಕ್ಟೀರಿಯಾಗಳ ಸಂಖ್ಯೆ ಏರುವುದು ನಿಂತಿತು. ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ, ಜೀರಿಗೆ ಕಾಳಿನಂತೆ ಗಿಡ್ಡಗೆ ಇರಬೇಕಾದ ಇ. ಕೋಲೈ ಶ್ಯಾವಿಗೆಯಾಗಿದ್ದವು. ಒಂದೊಂದು ತನ್ನ ಮಾಮೂಲಿ ಉದ್ದದ 300 ಪಟ್ಟುವರೆಗೆ ಬೆಳೆದಿತ್ತು. ಸತ್ತಿರಲಿಲ್ಲ. ತಿನ್ನುತ್ತಿದ್ದವು, ಉದ್ದವಾಗುತ್ತಿದ್ದವು, ಒಡೆದು ಎರಡಾಗುವುದು ಮಾತ್ರ ಆಗುತ್ತಿರಲಿಲ್ಲ. ವಿದ್ಯುತ್ತಿನ ಮಹಿಮೆ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ರೋಸೆನ್‌ಬರ್ಗ್ ತಂಡ ಹಾಗೆ ಮಾಡಲಿಲ್ಲ. ತಾಪ, ಆಮ್ಲದ ಮಟ್ಟ, ಒಂದೊಂದನ್ನೇ ಬದಲಿಸಿ ನೋಡುತ್ತಾ ಹೋಗಿ, ಕೊನೆಗೆ ಸಾಧು ಲೋಹದ ಗುಟ್ಟು ಬಯಲು ಮಾಡಿದರು. ಕಡ್ಡಿಯ ಪ್ಲಾಟಿನಂ ಕಣ್ಣಿಗೆ ಕಾಣದಷ್ಟು ಕರಗಿ, ದ್ರವದಲ್ಲಿದ್ದ ಅಮೋನಿಯಂ ಕ್ಲೋರೈಡ್ ಜೊತೆ ಸೇರಿ ಬೇರೆಯದೇ ಒಂದು ವಸ್ತುವಾಗಿತ್ತು. ಕೋಶ ಒಡೆಯದಂತೆ ತಡೆದದ್ದು ಅದು, ವಿದ್ಯುತ್ತಲ್ಲ. 1965ರಲ್ಲಿ ಇದು ಪ್ರಕಟವಾಯಿತು. ಆ ಬಗೆಯ ವಸ್ತುಗಳ ಪೈಕಿ ಎಲ್ಲಕ್ಕಿಂತ ಚುರುಕಾದದ್ದನ್ನು ಇಟಲಿಯ ಮಿಕೆಲೆ ಪೆರೋನೆ ಎಂಬ ರಸಾಯನಶಾಸ್ತ್ರಜ್ಞ 1840ರ ದಶಕದಲ್ಲೇ ತಯಾರಿಸಿದ್ದ. ಅದರ ಉಪಯೋಗ ಏನೆಂದು ನೂರಿಪ್ಪತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ.

ಒಡೆಯುವುದನ್ನು ತಡೆಯುವ ವಸ್ತು ಎಂದರೆ ಕ್ಯಾನ್ಸರ್ ನೆನಪಾಗದೆ ಇರುತ್ತದೆಯೇ? ಇಲಿಗಳ ಗೆಡ್ಡೆಗೆ ಕೊಟ್ಟು ನೋಡಿದರು, ಗೆಡ್ಡೆ ಕರಗಿತು. ಅದೇ ಸಿಸ್‌ಪ್ಲಾಟಿನ್. ಡಿಎನ್‌ಎಯ ಎಳೆಗಳಿಗೆ ಅಡ್ಡ ಹೊಲಿಗೆ ಹಾಕಿಬಿಡುವುದು ಅದರ ಕೆಲಸ. ಹೊಲಿಗೆ ಬಿದ್ದ ಎಳೆ ಬಿಚ್ಚುವುದಿಲ್ಲ, ಬಿಚ್ಚದೆ ಕೋಶ ಎರಡಾಗುವುದಿಲ್ಲ. ಬೇರೆ ಕ್ಯಾನ್ಸರ್ ಕೋಶಗಳು ಆ ಹೊಲಿಗೆಯನ್ನು ಕಿತ್ತು ರಿಪೇರಿ ಮಾಡಿಕೊಳ್ಳುವುದರಲ್ಲಿ ಗಟ್ಟಿಗರು. ವೃಷಣದ ಕ್ಯಾನ್ಸರ್ ಕೋಶಗಳಿಗೆ ಆ ರಿಪೇರಿ ಕೆಲಸ ಸರಿಯಾಗಿ ಬರುವುದಿಲ್ಲ. ಹಾನಿಯಾಯಿತು ಎಂದು ಗೊತ್ತಾದ ಕೂಡಲೇ ತಾವಾಗಿ ಸಾಯುತ್ತವೆ. ಕ್ಯಾನ್ಸರ್‌ಗಳ ಪೈಕಿ ಇದು ಇಷ್ಟು ಚೆನ್ನಾಗಿ ಗುಣವಾಗುವುದರ ಗುಟ್ಟು ಬಹುಮಟ್ಟಿಗೆ ಇಷ್ಟೇ.

1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಲ್ಯಾರಿ ಐನ್‌ಹಾರ್ನ್ ಎಂಬ ಯುವ ವೈದ್ಯರ ಮುಂದೆ ಜಾನ್ ಕ್ಲೆಲ್ಯಾಂಡ್ ಎಂಬ ವಿದ್ಯಾರ್ಥಿ ಇದ್ದ. ವೃಷಣದ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು, ಇದ್ದಬದ್ದ ಔಷಧ ಮುಗಿದಿತ್ತು. ಆ ಕಾಲಕ್ಕೆ ಅಷ್ಟು ಹರಡಿದ ಮೇಲೆ ಉಳಿಯುತ್ತಿದ್ದವರು ನೂರಕ್ಕೆ ಐದೋ ಹತ್ತೋ. ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಜೊತೆ ಇನ್ನೆರಡು ಔಷಧ ಸೇರಿಸಿ ಕೊಟ್ಟರು. ಎಡೆಬಿಡದ ವಾಂತಿ. ಕ್ಯಾನ್ಸರ್ ಮಾತ್ರ ಕಾಣದಾಯಿತು. ಕ್ಲೆಲ್ಯಾಂಡ್ ಮುಂದೆ ಶಾಲಾ ಶಿಕ್ಷಕನಾದ, ಮಕ್ಕಳೊಂದಿಗನಾದ. ಐನ್‌ಹಾರ್ನ್ 1977ರಲ್ಲಿ ಪ್ರಕಟಿಸಿದ ಮೊದಲ ರೋಗಿಗಳ ಪಟ್ಟಿಯಲ್ಲಿ ಮುಕ್ಕಾಲು ಪಾಲು ಜನರ ಗೆಡ್ಡೆ ಪೂರ್ತಿ ಮಾಯವಾಗಿತ್ತು. 1978ರಲ್ಲಿ ಅಮೆರಿಕ ಸರ್ಕಾರ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಆ ಮೂರರಲ್ಲಿ ಇನ್ನೊಂದಾದ ಬ್ಲಿಯೋಮೈಸಿನ್ ಸಿಕ್ಕಿದ್ದು ಜಪಾನಿನ ಮಣ್ಣಿನ ಬ್ಯಾಕ್ಟೀರಿಯಾದಿಂದ, ಹಮಾವೊ ಉಮೆಜಾವಾ ಅವರ ಪ್ರಯೋಗಾಲಯದಲ್ಲಿ. ಒಂದು ಔಷಧದ ಗುಣ ತೋರಿಸಿದ್ದು ಕರುಳಿನ ಬ್ಯಾಕ್ಟೀರಿಯಾ, ಇನ್ನೊಂದನ್ನು ತಯಾರಿಸಿಕೊಟ್ಟದ್ದು ಮಣ್ಣಿನದು. ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1996ರಲ್ಲಿ ಮೆದುಳಿಗೂ ಹರಡಿದ್ದ ಕ್ಯಾನ್ಸರ್ ಹೊತ್ತು ಹೋಗಿ ಗುಣವಾಗಿ ಬಂದದ್ದೂ ಇಂಡಿಯಾನಾದಿಂದಲೇ. ಆತ ಆಮೇಲೆ ಗೆದ್ದ ಪ್ರಶಸ್ತಿಗಳು ಡೋಪಿಂಗ್ ಹಗರಣದಲ್ಲಿ ಹೋದವು. ಸಿಸ್‌ಪ್ಲಾಟಿನ್ ಕೊಟ್ಟ ಆಯಸ್ಸನ್ನು ಯಾರೂ ವಾಪಸ್ ಕೇಳಲಿಲ್ಲ.

ಚಿಕಿತ್ಸೆಯ ನಡುವೆ ಕರುಳಿನ ಬ್ಯಾಕ್ಟೀರಿಯಾ ಮತ್ತೆ ಬರುತ್ತದೆ, ಎರಡು ಮುಖದಲ್ಲಿ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಂಡ, ಆ್ಯಂಟಿಬಯೋಟಿಕ್ ಕೊಟ್ಟು ಕರುಳು ತೊಳೆದ ಇಲಿಗಳಲ್ಲಿ ಪ್ಲಾಟಿನಂ ಔಷಧಗಳು ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ತೋರಿಸಿತು. ಇದು ಒಳ್ಳೆಯ ಮುಖ, ಸದ್ಯಕ್ಕೆ ಇಲಿಗಳದ್ದು. ಇನ್ನೊಂದನ್ನು ಕಿಮೊ ವಾರ್ಡಿನ ಯಾವ ನರ್ಸನ್ನು ಕೇಳಿದರೂ ಹೇಳುತ್ತಾರೆ. ಕಿಮೊ ಕೊಟ್ಟ ಒಂದು ವಾರದ ಮೇಲೆ ಬಿಳಿ ರಕ್ತಕಣಗಳು ಕುಸಿಯುತ್ತವೆ, ಕರುಳಿನ ಒಳಪದರ ಹುಣ್ಣಾಗಿರುತ್ತದೆ. ಅಷ್ಟು ದಿನ ಸೌಮ್ಯವಾಗಿದ್ದ ನಮ್ಮದೇ ಬ್ಯಾಕ್ಟೀರಿಯಾ ಬಿರುಕಿನಿಂದ ರಕ್ತಕ್ಕೆ ನುಗ್ಗುತ್ತದೆ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗುವ ಹಾಗಿಲ್ಲ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಬೇಕು. ‘ಒಳ್ಳೆಯ ಬ್ಯಾಕ್ಟೀರಿಯಾ’ ಪುಡಿಯನ್ನು ಆಗ ಕ್ಯಾನ್ಸರ್ ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೂಬಾರದು. ಮಿಕ್ಕವರಿಗೆ ಮೊಸರು, ಮಜ್ಜಿಗೆ, ರಾಗಿಮುದ್ದೆ ಬೇಡ ಎಂದು ನಾನು ಯಾಕೆ ಹೇಳಲಿ? ಹೊಟ್ಟೆಗೆ ಒಳ್ಳೆಯದು. ಕೆಳಗಿನ ಗಂಟಿಗೆ ಅವು ಮದ್ದಲ್ಲ.

ಗಂಟಿಗೆ ಬೇಕಾದದ್ದು ಕೈ. ಬಿಸಿನೀರಿನ ಸ್ನಾನವಾದ ಮೇಲೆ ಚರ್ಮ ಸಡಿಲವಾಗಿರುವಾಗ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಉರುಳಿಸಿ ನೋಡಿದರೆ ತನ್ನದು ಹೇಗಿದೆ ಎಂದು ಗಂಡಸಿಗೆ ಗೊತ್ತಿರುತ್ತದೆ. ಹಿಂಬದಿಯಲ್ಲಿ ಹಗ್ಗದ ಗಂಟಿನಂತೆ ತಾಕುವುದು ಎಲ್ಲರಿಗೂ ಇರುತ್ತದೆ, ಅದಕ್ಕೆ ಹೆದರುವುದು ಬೇಡ. ಒಂದರಲ್ಲೇ ನೋವಿಲ್ಲದ ಗಟ್ಟಿ ಭಾಗ, ಒಂದು ಬದಿ ಭಾರ, ಇವೆರಡರಲ್ಲಿ ಒಂದು ಕಂಡರೂ ವಾರದೊಳಗೆ ಸ್ಕ್ಯಾನ್. ಜೊತೆಗೆ ಮೂರು ರಕ್ತಪರೀಕ್ಷೆ. ಅದರಲ್ಲೊಂದು ಬಸಿರು ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಮೂಡಿಸುವ ಹಾರ್ಮೋನಿನದೇ. ಕೆಲವು ಬಗೆಯ ವೃಷಣದ ಗೆಡ್ಡೆ ಅದನ್ನೂ ಸುರಿಸುತ್ತದೆ. ಅನುಮಾನ ಇದ್ದ ಗೆಡ್ಡೆಗೆ ಸೂಜಿ ಚುಚ್ಚಿ ನೋಡುವುದು, ಚೀಲದ ಚರ್ಮ ಕುಯ್ಯುವುದು ತಪ್ಪು. ತೊಡೆಸಂದಿಯ ಮೇಲೆ ಕುಯ್ದು, ನಾಳದ ಸಮೇತ ಮೇಲಿನಿಂದ ತೆಗೆಯಬೇಕು, ಇಲ್ಲದಿದ್ದರೆ ಕ್ಯಾನ್ಸರಿಗೆ ಹೊಸ ದಾರಿ ತೆರೆದಂತೆ. ಅಂಡವಾಯು ಎಂದು ತಿಳಿದು ಸ್ಕ್ಯಾನ್ ಕೂಡ ಮಾಡಿಸದೆ ಚೀಲ ಕುಯ್ದು, ಒಳಗಿನದನ್ನು ನೋಡಿ ಗಾಬರಿಯಾಗಿ ಹೊಲಿದು ಕಳಿಸಿದ್ದ ಇಬ್ಬರು ರೋಗಿಗಳನ್ನು ನಾನು ಕಂಡಿದ್ದೇನೆ. ಅವರಿಬ್ಬರ ಚಿಕಿತ್ಸೆ ಇರಬೇಕಾದ್ದಕ್ಕಿಂತ ಉದ್ದವಾಯಿತು.

ಪೀಣ್ಯದ ಹುಡುಗನನ್ನು ಬೆಂಗಳೂರಿಗೆ ಕಳಿಸಿದೆ. ಒಂದು ವೃಷಣ ತೆಗೆದರು, ಇನ್ನೊಂದು ಉಳಿಯಿತು. ಹಾರ್ಮೋನಿಗೂ ಮಕ್ಕಳಾಗುವುದಕ್ಕೂ ಸಾಮಾನ್ಯವಾಗಿ ಒಂದೇ ಸಾಕು. ಕಿಮೊಗೆ ಮೊದಲು ವೀರ್ಯ ತೆಗೆದಿಡಿಸು ಎಂದು ನಾನು ಹೇಳಿದಾಗ ಅವನು ಮತ್ತೆ ಕ್ಯಾಲೆಂಡರ್ ನೋಡಿದ್ದ. ನಾಲ್ಕು ಸುತ್ತು ಕಿಮೊ, ತಲೆ ಬೋಳಾಯಿತು, ಹನ್ನೆರಡು ಕಿಲೊ ಇಳಿದ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿಯಿತು. ಅದು ಸಿಸ್‌ಪ್ಲಾಟಿನ್ ಬಿಟ್ಟುಹೋಗುವ ಗುರುತು. ಹೊಟ್ಟೆಯ ಹಿಂದಿನ ಗಂಟು ಕರಗಿತು. ಮುಂದಿನ ವರ್ಷ ಲೇತ್ ಮುಂದೆ ವಾಪಸ್ ನಿಂತ. ಎಲ್ಲ ಹಂತಗಳನ್ನೂ ಸೇರಿಸಿದರೆ ಈ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಜನ ಗುಣವಾಗುತ್ತಾರೆ ಎಂದು ಪಠ್ಯಗಳಲ್ಲಿ ಬರೆದಿದೆ. ಹೊತ್ತಿಗೆ ಬಂದರೆ, ಎಂದು ನಾನು ಅಂಚಿನಲ್ಲಿ ಸೇರಿಸಿಕೊಂಡಿದ್ದೇನೆ.

ಅವನ ತಾಯಿ ಆಮೇಲೊಮ್ಮೆ ಬಂದು, ಯಾವತ್ತೂ ಹೇಳದಿದ್ದದ್ದನ್ನು ಹೇಳಿದರು. ಅವನಿಗೆ ಬಲಗಡೆಯ ಬೀಜ ಹುಟ್ಟಿದಾಗ ಇಳಿದಿರಲಿಲ್ಲ. ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದ ಅತ್ತೆ ಕಂಡು ಹೇಳಿದ್ದರಂತೆ, ‘ತಾನಾಗೇ ಇಳಿಯುತ್ತೆ, ಯಾರ ಹತ್ರಾನೂ ಹೇಳಬೇಡ, ಮುಂದೆ ಹೆಣ್ಣು ಕೊಡಲ್ಲ’ ಎಂದೂ ಅವರೇ ಹೇಳಿದ್ದರಂತೆ. ಅವನಿಗೆ ಹದಿನಾಲ್ಕಾದಾಗ ಶಸ್ತ್ರಚಿಕಿತ್ಸೆ ಮಾಡಿಸಿದ್ದರು. ಗಂಡುಮಕ್ಕಳಲ್ಲಿ ನೂರಕ್ಕೆ ಮೂವರಿಗೆ ಹೀಗಿರುತ್ತದೆ, ಹೆಚ್ಚಿನವರಿಗೆ ಆರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ಮಕ್ಕಳ ಸರ್ಜನ್‌ಗೆ ತೋರಿಸಿ, ಒಂದು ಒಂದೂವರೆ ವರ್ಷದೊಳಗೆ ಇಳಿಸಿ ಹೊಲಿಸಬೇಕು. ಸ್ವೀಡನ್ನಿನಲ್ಲಿ ಈ ಶಸ್ತ್ರಚಿಕಿತ್ಸೆ ಆದವರನ್ನು ಹಲವು ವರ್ಷ ಹಿಂಬಾಲಿಸಿ 2007ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಹದಿಮೂರಕ್ಕೆ ಮೊದಲು ಮಾಡಿಸಿದವರಿಗೆ ಕ್ಯಾನ್ಸರ್ ಸಂಭವ ಮಾಮೂಲಿಗಿಂತ ಎರಡು ಪಟ್ಟು ಚಿಲ್ಲರೆ, ಹದಿಮೂರು ದಾಟಿದ ಮೇಲೆ ಮಾಡಿಸಿದವರಿಗೆ ಐದು ಪಟ್ಟಿಗೂ ಹೆಚ್ಚು. ಕರುಳಿನ ಬ್ಯಾಕ್ಟೀರಿಯಾದ ಹೆಸರಿನಲ್ಲಿ ಕಳುಹಿಸಿದ ಸಂದೇಶಗಳಲ್ಲಿ ಹತ್ತರಲ್ಲೊಂದಾದರೂ ಈ ವಿಷಯಕ್ಕೆ ಮೀಸಲಾಗಿದ್ದರೆ ನನಗೆ ಕೆಲಸ ಕಡಿಮೆಯಾಗುತ್ತಿತ್ತು.

ಹೋದ ತಿಂಗಳು ಅದೇ ತಾಯಿ ಲಸಿಕೆಗೆ ಎಂದು ಒಂದು ಎಳೆಗೂಸನ್ನು ಎತ್ತಿಕೊಂಡು ಬಂದಿದ್ದರು. ಮೊಮ್ಮಗ. ಹಿಂದೆ ಮಗ ಸೊಸೆ. ಬೆಂಚಿನ ಮೇಲೆ ಏಳೆಂಟು ಜನ ಕಾಯುತ್ತಿದ್ದರು, ಒಳಗೆ ಕರೆಯುವ ತನಕ ಆಕೆ ತಡೆಯಲಿಲ್ಲ. “ಡಾಕ್ಟ್ರೇ, ಎರಡೂ ಇಳಿದಾವೆ. ದಿನಾ ನೀರು ಹಾಕೋವಾಗ ನಾನೇ ಮುಟ್ಟಿ ನೋಡ್ತೀನಿ.” ಮಗ ಕ್ಯಾಲೆಂಡರ್ ನೋಡುತ್ತಿದ್ದ. ಬೆಂಚಿನ ತುದಿಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಒಬ್ಬ ಹೆಂಗಸು, ಮೆಲ್ಲಗೆ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಬಟ್ಟೆ ಸರಿಸಿ ನೋಡಿಕೊಂಡಳು.